ಕಂಬಳಿ ಸೀಟಿನ ಕನಕರಾಜ

ಹೊಸದುರ್ಗದ ಬಸ್‌ಸ್ಟ್ಯಾಂಡಿನಿಂದ ಹೊಳಲ್ಕೆರೆ ರಸ್ತೆಗೆ ಹೊರಳಿದರೆ ಎಡಗಡೆ ಮೂರನೆಯದೋ ನಾಲ್ಕನೆಯದೋ ಮಳಿಗೆ ಕನಕರಾಜನದು. ಬೋರ್ಡಿಲ್ಲ. ಬಾಗಿಲಲ್ಲಿ ಸುಟ್ಟ ಮೋಟರುಗಳು ಸಾಲಾಗಿ ಕುಳಿತಿರುತ್ತವೆ, ಅದೇ ಬೋರ್ಡು. ಬೋರಿನ ಮೋಟರು ಸುಟ್ಟರೆ ಅದರ ಹೊಟ್ಟೆ ಬಗೆದು, ಕರಕಲಾದ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಕೊಡುವುದು ಅವನ ಕಸುಬು. ಇಪ್ಪತ್ತು ವರ್ಷದಿಂದ ಅದೇ. ಸುತ್ತು ಎಣಿಸಿ ಎಣಿಸಿ ಅವನಿಗೊಂದು ಗುಣ ಅಂಟಿಬಿಟ್ಟಿದೆ. ಒಂದು ಸುತ್ತು ತಪ್ಪಿದರೂ ಪೂರ್ತಿ ಬಿಚ್ಚಿ ಮೊದಲಿಂದ ಸುತ್ತುತ್ತಾನೆ. ಹೋಗಲಿ ಬಿಡು ಎನ್ನುವ ಮಾತು ಅವನ ಬಾಯಲ್ಲಿ ಬರುವುದೇ ಇಲ್ಲ. ಇಂಥವನನ್ನು ಯಾರೂ ಕೆಣಕಬಾರದಿತ್ತು. ಚಿತ್ರದುರ್ಗದ ನಾಗಭೂಷಣ ಕೆಣಕಿದ.

ಮೊದಲು ಅವನ ಗಾಡಿಯ, ಅಂದರೆ ಮೋಟರ್‌ಸೈಕಲ್ಲಿನ, ವಿಷಯ ಹೇಳಬೇಕು. ಕನಕರಾಜನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಅದೊಂದೇ ಹುಚ್ಚು. ಮೂವತ್ತೇಳನೆಯ ವಯಸ್ಸಿನಲ್ಲಿ ಕೊಂಡ. ನೋಡಲು ಅಜ್ಜಂದಿರ ಕಾಲದ ಗಾಡಿ: ಗುಂಡು ಹೆಡ್‌ಲೈಟು, ಕಡ್ಡಿ ಚಕ್ರ, ಹೊಟ್ಟೆ ಉಬ್ಬಿದ ಟ್ಯಾಂಕು, ಉದ್ದನೆಯ ಸೈಲೆನ್ಸರು. ಒಳಗೆ ಮಾತ್ರ ಎಲ್ಲವೂ ಈ ಕಾಲದ್ದು. ಒದೆಯುವ ಕಿಕ್ಕರ್ ಇಲ್ಲ, ಗುಂಡಿ ಒತ್ತಿದರೆ ಸ್ಟಾರ್ಟು. ಪೆಟ್ರೋಲು ಎಷ್ಟು ಬಿಡಬೇಕೆಂಬುದನ್ನೂ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ತೀರ್ಮಾನಿಸುತ್ತದೆ. "ಏನಪ್ಪ ಕನಕ, ಹುಡುಗನಿಗೆ ಮುದುಕಪ್ಪನ ವೇಷ ಹಾಕ್ಸಿದಂಗೈತೆ" ಎಂದು ಗಿರಾಕಿಗಳು ನಕ್ಕರು. ನಗಲಿ ಎಂದು ಅವನು ತನ್ನ ಕೆಲಸ ಶುರು ಮಾಡಿದ.

ಭಾನುವಾರ ಬಂತೆಂದರೆ ಮಳಿಗೆಯ ಬಾಗಿಲು ಅರ್ಧ ಎಳೆದು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಚೈನಿನ ಕೊಳೆ ತಿಕ್ಕಿ ಎಣ್ಣೆ ಬಿಡುವುದು, ಎಂಜಿನ್ನಿನೊಳಗಿನ ಟ್ಯಾಪೆಟ್ ಸದ್ದಿಗೆ ಕಿವಿ ಕೊಡುವುದು, ಚಕ್ರದ ಒಂದೊಂದು ಕಡ್ಡಿಗೂ ಸ್ಪ್ಯಾನರಿನಿಂದ ಟಿಣ್ ಎಂದು ತಟ್ಟುವುದು. ಬಿಗಿಯಾದ ಕಡ್ಡಿ ಗಟ್ಟಿಯಾಗಿ ನುಡಿಯುತ್ತದೆ, ಸಡಿಲಾದದ್ದು ಮಂದವಾಗಿ. ಆಮೇಲೆ ಶೃಂಗಾರ. ಹೆಡ್‌ಲೈಟಿನ ಮೇಲಿನ ಹುಬ್ಬನ್ನು ಗುಜರಿ ಮೋಟರಿನ ಮುಚ್ಚಳ ಕೊರೆದು ಮಾಡಿದ. ಕ್ಲಚ್ಚಿನ ಹಿಡಿಗೂ ಬ್ರೇಕಿನ ಹಿಡಿಗೂ ತಾಮ್ರದ ತಂತಿಯನ್ನು ಜಡೆಯಂತೆ ಹೆಣೆದ. ಸೈಲೆನ್ಸರಿಗೆ ಮೋಟರಿಗೆ ಸುತ್ತುವ ಟೇಪು ಸುತ್ತಿ ವಾರ್ನಿಷ್ ಬಳಿದ. ಮೂರು ದಿನ ಅದು ಹೊಗೆ ಕಾರಿ ಬೀದಿಯವರ ಬಾಯಿಂದ ಬೈಸಿತು, ನಾಲ್ಕನೆಯ ದಿನ ಜೇನಿನ ಬಣ್ಣಕ್ಕೆ ತಿರುಗಿತು. ಅಂಗಡಿಯಲ್ಲಿ ಕೊಂಡು ಹಾಕಿದ ವಸ್ತು ಆ ಗಾಡಿಯ ಮೇಲೆ ಒಂದೂ ಇರಲಿಲ್ಲ.

ಉಳಿದದ್ದು ಸೀಟು. ಕಂಪನಿಯ ರೆಕ್ಸಿನ್ನು ನಮ್ಮ ಸೀಮೆಯ ಬಿಸಿಲಿಗೆ ಎರಡೇ ಬೇಸಿಗೆಯಲ್ಲಿ ಬಿರಿಯಿತು. ಅದಕ್ಕೆ ಕಂಬಳಿ ಹೊದಿಸಬೇಕೆಂದು ಅವನಿಗೆ ಹೊಳೆದದ್ದು ಅವ್ವನ ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ.

ಅವ್ವ ಏಕನಾಥಮ್ಮ ಇರುವುದು ಹಾಲುರಾಮೇಶ್ವರದ ಹತ್ತಿರದ ಹಳ್ಳಿಯಲ್ಲಿ. ಕುರಿ ಕಾಯುವ, ಉಣ್ಣೆ ನೂಲುವ ಮನೆತನ. ಗಂಡ ತೀರಿಕೊಂಡಾಗ ಮಗ್ಗದ ಮೇಲೆ ಅರ್ಧ ಕಂಬಳಿ ಉಳಿದಿತ್ತು. ತಿಥಿ ಮುಗಿದ ಮಾರನೆಯ ದಿನವೇ ಆಕೆ ಮಗ್ಗದ ಗುಣಿಗಿಳಿದು ಅದನ್ನು ಮುಗಿಸಿದಳು, ಆಮೇಲೆ ಮೇಲೆ ಹತ್ತಲೇ ಇಲ್ಲ. ಆಕೆಯ ಪ್ರತಿ ಕಂಬಳಿಯ ಮೂಲೆಯಲ್ಲೂ ಕೆಂಪು ದಾರದ ಮೂರು ಹೊಲಿಗೆ ಇರುತ್ತದೆ. ಓದು ಬರಹ ಬಾರದ ಹೆಂಗಸಿಗೆ ಅದೇ ರುಜು. ಸಂತೆಯಲ್ಲಿ ಜನ ಮೊದಲು ಮೂಲೆ ಮಡಚಿ ಆ ಮೂರು ಹೊಲಿಗೆ ನೋಡಿ ಆಮೇಲೆ ಮಾತಿಗಿಳಿಯುತ್ತಾರೆ.

ಕಂಬಳಿಯ ಒಂದು ಗುಟ್ಟು ಇಲ್ಲೇ ಹೇಳಿಬಿಡುತ್ತೇನೆ. ಹುಣಸೆ ಬೀಜ ಕುದಿಸಿದ ಗಂಜಿಯನ್ನು ಅದಕ್ಕೆ ಉಣ್ಣಿಸುತ್ತಾರೆ. ಹೊಸ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುವುದು ಆ ಗಂಜಿಯಿಂದಲೇ. ಕೊಂಡವರು ಮೂರು ಸಲ ನೀರು ಹಾಕಿ, ಕಲ್ಲಿಗೆ ಬಡಿದು, ಗಂಜಿ ಬಿಡಿಸಿ, ನೆರಳಲ್ಲಿ ಒಣಗಿಸಿ ಹೊದೆಯಬೇಕು. ಗಂಜಿ ಬಿಡಿಸದೆ ನೆನೆಸಿದರೆ ಕಂಬಳಿ ಲೋಳೆಯಾಗುತ್ತದೆ, ಹುಳಿ ನಾತ ಹೊಡೆಯುತ್ತದೆ. ಏಕನಾಥಮ್ಮ ಪ್ರತಿ ಗಿರಾಕಿಗೂ ಇದನ್ನು ಹೇಳಿಯೇ ಕಳಿಸುತ್ತಾಳೆ. ಹೇಳದಿರುವುದು ಒಬ್ಬರಿಗೆ ಮಾತ್ರ: ದೇವರ ಗದ್ದುಗೆಗೆ ಹಾಸಲು ಒಯ್ಯುವವರಿಗೆ. ಗದ್ದುಗೆಗೆ ನೀರು ಮುಟ್ಟದ ಹೊಸ ಕಂಬಳಿಯೇ ಆಗಬೇಕು. ಅದಕ್ಕೆ ಆಕೆ ಲಾಭವನ್ನೂ ಹಿಡಿಯುವುದಿಲ್ಲ.

ಮಗನ ಸೀಟಿಗೆಂದು ಆಕೆಯೇ ಕಂಬಳಿ ತೊಳೆದು, ಬಡಿದು, ಒಣಗಿಸಿ ಕೊಟ್ಟಳು. "ಕಂಬಳಿ ಮೇಲೆ ಕುಂತು ಸುಳ್ಳು ಹೇಳ್ಬಾರ್ದು ಕಣ್ಲಾ, ಅಷ್ಟು ನೆಪ್ಪಿರ್ಲಿ" ಎಂದಳು. ಅವರ ಕುಲದಲ್ಲಿ ಪಂಚಾಯ್ತಿಗೆ ಕೂತರೂ ಕಂಬಳಿ ಹಾಸಿಯೇ ಕೂರುವುದು. "ಗಾಡಿ ಮೇಲೆ ಕುಂತಾಗ ಮಾತೇ ಕೇಳ್ಸಲ್ಲ ಬಿಡವ್ವ" ಎಂದು ಕನಕರಾಜ ನಕ್ಕ. ದುರ್ಗದಲ್ಲಿ ಸೀಟು ಹೊಲಿಯುವ ಖಲೀಲುಲ್ಲಾ ಅದನ್ನು ಹೊಲಿದ. ಮುದುಕ, ಅವನಂಥ ಕೈ ಜಿಲ್ಲೆಯಲ್ಲೇ ಇಲ್ಲ. ಕೆಂಪು ದಾರದ ಮೂರು ಹೊಲಿಗೆ ಸೀಟಿನ ಹಿಂದಿನ ಮೂಲೆಯಲ್ಲಿ ಕಾಣುವಂತೆ ಬಿಟ್ಟು ಹೊಲಿದುಕೊಟ್ಟ. ಕಪ್ಪು ಕಂಬಳಿ, ತಾಮ್ರದ ಜಡೆ, ಜೇನಿನ ಬಣ್ಣದ ಸೈಲೆನ್ಸರು. ನಿಂತವರು ನಿಂತಲ್ಲೇ ನೋಡುತ್ತಿದ್ದರು.

ನಾಗಭೂಷಣನೂ ನೋಡಿದ. ದುರ್ಗದಲ್ಲಿ ಹೈವೇ ಪಕ್ಕ ಅವನದೊಂದು ಗಾಡಿ ರಿಪೇರಿ, ಶೃಂಗಾರದ ಅಂಗಡಿ. ಗಾಜಿನ ಬಾಗಿಲು, ಒಳಗೆ ಫ್ಯಾನು, ಗೋಡೆಗೆ ಫೋಟೋಗಳು. ಅವನೂ ಕುರಿಯವರ ಕುಲವೇ. ಆದರೆ ಅಜ್ಜನ ಕಾಲಕ್ಕೇ ಪೇಟೆ ಸೇರಿದ ಮನೆ. ಉಣ್ಣೆಯನ್ನು ಅವನು ಅಂಗೈಯಲ್ಲಿ ಹಿಡಿದು ನೋಡಿದವನಲ್ಲ. ಬ್ರೇಕಿನ ಕಂಪ್ಯೂಟರು ಕೈಕೊಟ್ಟಾಗ ಕನಕರಾಜ ಗಾಡಿಯನ್ನು ಅವನಲ್ಲಿ ಬಿಟ್ಟ. ಹೊಸದುರ್ಗದಲ್ಲಿ ಅದನ್ನು ನೋಡುವ ಮಿಷನ್ನು ಇರಲಿಲ್ಲ. "ಹತ್ತು ದಿನ ಆಗ್ತೈತೆ" ಎಂದ ನಾಗಭೂಷಣ. ಹತ್ತನೆಯ ದಿನ ಗಾಡಿ ಬಂತು, ಬ್ರೇಕೂ ಸರಿಯಾಗಿತ್ತು. ಹನ್ನೆರಡನೆಯ ದಿನ ಕನಕರಾಜನ ಫೋನಿಗೆ ಯಾರೋ ಒಂದು ವಿಡಿಯೋ ಕಳಿಸಿದರು.

ದುರ್ಗದಲ್ಲಿ ನಡೆದ ಬೈಕುಗಳ ಮೇಳ. ವೇದಿಕೆಯ ಮೇಲೆ ಕನಕರಾಜನದೇ ಗಾಡಿ. ನಂಬರ್ ಪ್ಲೇಟಿಗೆ ಬಟ್ಟೆ ಮುಚ್ಚಿದೆ. ಪಕ್ಕದಲ್ಲಿ ನಾಗಭೂಷಣ, ಕೊರಳಲ್ಲಿ ಹಾರ, ಕೈಯಲ್ಲಿ ಮೊದಲ ಬಹುಮಾನದ ಕಪ್ಪು. ಮೈಕಿನಲ್ಲಿ ಹೇಳುತ್ತಿದ್ದಾನೆ: "ಇದು ನನ್ನ ಕೈಯ ಕೆಲಸ. ಸೀಟಿನ ಮೇಲಿರೋದು ನಮ್ಮಜ್ಜಿ ನೇಯ್ದ ಕಂಬಳಿ. ನಮ್ಮ ಕುಲದ ಗುರುತು." ಜನ ಚಪ್ಪಾಳೆ ತಟ್ಟುತ್ತಿದ್ದಾರೆ.

ಕನಕರಾಜನ ಕೈಯಲ್ಲಿದ್ದ ತಂತಿಯ ಸುರುಳಿ ಜಾರಿ ಬಿತ್ತು. ಮೈಯೆಲ್ಲ ಉರಿದುಹೋಯಿತು. ಉರಿಯದೆ ಏನು ಮಾಡೀತು ಹೇಳಿ? ಗಾಡಿಯನ್ನು ಬೇಕಾದರೆ ತನ್ನದೆಂದುಕೊಳ್ಳಲಿ. ಬದುಕಿರುವ ತಾಯಿಯನ್ನು ಹೆಸರಿಲ್ಲದ ಯಾವುದೋ ಅಜ್ಜಿ ಮಾಡಿಬಿಟ್ಟನಲ್ಲ ಪಾಪಿ. ಅವತ್ತೇ ದುರ್ಗಕ್ಕೆ ಹೋಗಿ ಗಾಜಿನ ಬಾಗಿಲು ತಳ್ಳಿದ.

"ನಮ್ಮವ್ವನ ಹೆಸರು ಹೇಳ್ಬೇಕಿತ್ತು ನೀನು" ಎಂದ.

ನಾಗಭೂಷಣ ಕುರ್ಚಿಯಿಂದ ಏಳಲಿಲ್ಲ. "ಲೇ ಕನಕ, ಗಾಡಿ ನಿಂದು, ಒಪ್ಪಿದೆ. ಅದಕ್ಕೆ ಆರ್‌ಸಿ ಬುಕ್ ಐತೆ. ಐಡಿಯಾಕ್ಕೆ ಆರ್‌ಸಿ ಬುಕ್ ಐತೇನೋ? ಹೋಗು, ಟೀ ಕುಡ್ಕಂಡು ಹೋಗು" ಎಂದ. ಅಂಗಡಿಯ ಕೆಲಸದವ ವಿನೋದ್ ಕಿಸಕ್ಕೆಂದ.

ಟೀ ಕುಡಿಯಲಿಲ್ಲ ಕನಕರಾಜ. ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಬಂದ. ಹೊಡೆದರೆ ಒಂದು ದಿನದ ಸುದ್ದಿ, ಪೊಲೀಸ್ ಕಂಪ್ಲೇಂಟು ಕೊಟ್ಟರೆ ನಗೆಪಾಟಲು. ಅದೆಲ್ಲ ಬೇಡ. ಅವನ ಬಾಯಿಂದಲೇ, ನಾಲ್ಕು ಜನರ ಮುಂದೆ, ಏಕನಾಥಮ್ಮ ಎಂಬ ಹೆಸರು ಹೊರಬೀಳಬೇಕು. ಬೀಳುವಾಗ ಅವನ ಮುಖದಲ್ಲಿ ನೀರಿಳಿಯಬೇಕು. ಇಷ್ಟಾದರೆ ಸಾಕು ಎಂದುಕೊಂಡ. ಅವ್ವನಿಗೆ ವಿಡಿಯೋ ತೋರಿಸಿದಾಗ ಆಕೆ ಕಣ್ಣು ಕಿರಿದು ಮಾಡಿ ನೋಡಿ, "ಕಂಬಳಿ ಚೆನ್ನಾಗೈತೆ ಅಂದ್ನಲ್ಲ, ಹೋಗ್ಲಿ ಬಿಡು" ಎಂದು ನೂಲಿಗೆ ತಿರುಗಿದಳು. ಬಿಡುವುದು ಅವ್ವನಿಗೆ ಬರುತ್ತಿತ್ತು, ಮಗನಿಗೆ ಬರುತ್ತಿರಲಿಲ್ಲ.

ಅದು ದಸರೆಯ ಆಸುಪಾಸು. ಶಿವರಾತ್ರಿ ಕಳೆದ ಮೇಲೆ ಅವಕಾಶ ತಾನಾಗಿ ಬಂತು.

ಹಿಂದಿನ ದೀಪದ ವೈರು ಉಜ್ಜದಂತೆ ಚರ್ಮದ ಪಟ್ಟಿ ಹೊಲಿಸಲು ಕನಕರಾಜ ಖಲೀಲುಲ್ಲಾನ ಅಂಗಡಿಗೆ ಹೋಗಿದ್ದ. ಮೇಜಿನ ಮೇಲೆ ಕಪ್ಪು ಕಂಬಳಿಗಳ ರಾಶಿ. ಹನ್ನೊಂದು.

"ನಾಗಭೂಷಣಂದು" ಎಂದ ಖಲೀಲುಲ್ಲಾ, ಕನ್ನಡಕದ ಮೇಲಿಂದ ನೋಡಿ. "ಹನ್ನೊಂದು ಗಾಡಿಗೆ ಕಂಬಳಿ ಸೀಟು. ನಿನ್ನ ಗಾಡಿ ನೋಡಿ ಎಲ್ರಿಗೂ ಆಸೆ ಆಗೈತೆ. ನನಗೇನು, ಕೆಲಸ ಕೊಟ್ರೆ ಹೊಲೀತೀನಿ. ನಿನಗೆ ಬೇಜಾರಿಲ್ಲ ತಾನೆ?"

"ಬೇಜಾರೇನು ಭಾಯ್" ಎಂದು ಕನಕರಾಜ ಮೇಲಿನ ಕಂಬಳಿಯ ಅಂಚು ಹಿಡಿದ. ಹಿಡಿದೊಡನೆ ಬೆರಳಿಗೆ ತಿಳಿಯಿತು. ಹಲಗೆ. ಒಂದು ಹನಿ ನೀರೂ ಮುಟ್ಟಿಲ್ಲ. ಮೂಲೆ ಮಡಚಿದ. ಕೆಂಪು ದಾರದ ಮೂರು ಹೊಲಿಗೆ.

ಹದಿನೈದು ದಿನದ ಹಿಂದೆ ಅವ್ವ ಹೇಳಿದ್ದು ನೆನಪಾಯಿತು: "ಯಾರೋ ಪೇಟೆ ಹುಡ್ಗ ಬಂದಿದ್ದ ಕಣ್ಲಾ, ಹನ್ನೊಂದು ದೇವಸ್ಥಾನದ ಗದ್ದುಗೆಗೆ ಬೇಕಂತೆ. ಇದ್ದದ್ದೆಲ್ಲ ಕೊಟ್ಟೆ. ದೇವರಿಗಲ್ವಾ." ಆ ಪೇಟೆ ಹುಡುಗ ಅಂಗಡಿಯ ಕೆಲಸದ ವಿನೋದನೇ ಇರಬೇಕು. ಅವ್ವನಿಗೆ ತಿಳಿಯಬಾರದೆಂದು, ಅಗ್ಗಕ್ಕೂ ಸಿಗಲೆಂದು, ದೇವರ ಹೆಸರಲ್ಲಿ ಸುಳ್ಳು ಹೇಳಿಸಿ ಒಯ್ದಿದ್ದಾನೆ ನಾಗಭೂಷಣ. ಗದ್ದುಗೆಗೆಂದ ಮೇಲೆ ಅವ್ವ ತೊಳೆಯುವ ಮಾತು ಎತ್ತಿರುವುದಿಲ್ಲ. ಅವನಿಗಂತೂ ಅದರ ಗಂಧಗಾಳಿಯೂ ಇಲ್ಲ. ಕುಲದ ಗುರುತಂತೆ, ಕುಲದ ಗುರುತು.

ಖಲೀಲುಲ್ಲಾ ಕತ್ತರಿ ಕೈಗೆತ್ತಿಕೊಂಡು ಕೇಳಿದ: "ನಿಂದಕ್ಕಿಂತ ಗಟ್ಟಿ ಕಾಣ್ತಾವೆ ಇವು. ಸರಿಯಾಗವೆ ತಾನೆ? ನನಗೆ ಉಣ್ಣೆ ತಿಳಿಯಲ್ಲ, ನೀನು ಕಂಬಳಿ ಮನೆಯವ, ನೋಡಿ ಹೇಳು."

ಬಾಯಿ ಬಿಟ್ಟು ಒಂದು ಮಾತು, ಮೂರು ನೀರು ಹಾಕು ಭಾಯ್ ಎಂದಿದ್ದರೆ ಮುಗಿಯುತ್ತಿತ್ತು. ಅವ್ವನ ಗುರುತು ಬೆರಳ ಕೆಳಗೇ ಇತ್ತು. ಕನಕರಾಜ ಲೆಕ್ಕ ಹಾಕಿದ. ಈ ಅಂಚು ಸೀಟಿನ ಅಡಿಗೆ ಹೋಗುತ್ತದೆ. ಮೇಲೆ ಕೂರುವವನು ಅಡಿ ನೋಡುತ್ತಾನೆಯೇ? ಒಂದು ಮಳೆ ಬಂದರೆ ಸಾಕು, ಹನ್ನೊಂದು ಗಾಡಿಯ ಯಜಮಾನರು ನಾಗಭೂಷಣನ ಕೊರಳಪಟ್ಟಿ ಹಿಡಿಯುತ್ತಾರೆ.

"ಒಳ್ಳೇ ಕಂಬಳಿ ಭಾಯ್. ಹೊಲಿ, ಹೆದರ್ಬ್ಯಾಡ" ಎಂದ. ಕೈ ಇನ್ನೂ ಕಂಬಳಿಯ ಮೇಲೇ ಇತ್ತು.

ಇನ್ನು ಮಳೆ ಬರಬೇಕು. ಇಡೀ ಜಗತ್ತಿನಲ್ಲಿ ಮಳೆ ನಂಬಿ ಸೇಡು ತೀರಿಸಿಕೊಳ್ಳಲು ಹೊರಟವನಿಗೆ ಸಿಕ್ಕಿದ್ದು ನಮ್ಮ ಚಿತ್ರದುರ್ಗ ಜಿಲ್ಲೆ. ಯುಗಾದಿ ಹೋಯಿತು. ಅಶ್ವಿನಿ ಮಳೆ ಬರಲಿಲ್ಲ. ಭರಣಿ ಹಿರಿಯೂರಿಗೆ ಬಂದು ನಾಲ್ಕು ಮಾವಿನಕಾಯಿ ಉದುರಿಸಿ ದುರ್ಗದ ಕಡೆ ತಲೆ ಹಾಕಲಿಲ್ಲ. ಕೃತ್ತಿಕೆ ಗುಡುಗಿ ಸುಮ್ಮನಾಯಿತು. ಕನಕರಾಜ ಮುಂಜಾನೆ ಎದ್ದು ಮೊದಲು ನೋಡುತ್ತಿದ್ದದ್ದು ಆಕಾಶ. ಮೋಟರು ಬಿಚ್ಚುತ್ತ ನಡುನಡುವೆ ಹೊರಗೆ ಬಂದು ಕೈ ಅಡ್ಡ ಹಿಡಿದು ಮೋಡ ಹುಡುಕುತ್ತಿದ್ದ. ಪಕ್ಕದ ಗೊಬ್ಬರದಂಗಡಿಯ ಪಾಲಣ್ಣನಿಗೆ ಆಶ್ಚರ್ಯ. "ಏನಪ್ಪ ಕನಕ, ನಿನಗೇನು ಹೊಲವಾ ಗದ್ದೆಯಾ? ಮಳೆ ಬಂದ್ರೆ ಬೋರು ಓಡಲ್ಲ, ಮೋಟರು ಸುಡಲ್ಲ, ನಿನ್ನ ಹೊಟ್ಟೆಗೇ ಕಲ್ಲು" ಎಂದು ಕಾಡಿಸಿದ. ಕನಕರಾಜ ಒಂದು ಸೋಮವಾರ ಹಾಲುರಾಮೇಶ್ವರಕ್ಕೆ ಹೋಗಿ ಕಣ್ಣು ಮುಚ್ಚಿ ನಿಂತ. ಪೂಜಾರಿ ಕೇಳಿದಾಗ "ಮಳೆ ಬೇಡಿಕೊಂಡೆ ಸ್ವಾಮಿ" ಎಂದ. "ಲೋಕಕ್ಕೆಲ್ಲ ಬೇಡ್ತೀಯಲ್ಲ, ದೊಡ್ಡ ಮನಸ್ಸು" ಎಂದು ಪೂಜಾರಿ ಎರಡು ಹೂವು ಹೆಚ್ಚು ಕೊಟ್ಟರು.

ಈ ಮಧ್ಯೆ ನಾಗಭೂಷಣ ಮೆರೆಯುತ್ತಿದ್ದ. ಹನ್ನೊಂದು ಗಾಡಿಗಳ ತಂಡ ಕಟ್ಟಿದ್ದ, ತನ್ನದೂ ಸೇರಿ. ಕೋಟೆಯ ಮುಂದೆ ಫೋಟೋ, ಗಾಳಿಗಿರಣಿಗಳ ಗುಡ್ಡದಲ್ಲಿ ಫೋಟೋ. ಎಲ್ಲದರ ಕೆಳಗೂ 'ಅಜ್ಜಿಯ ಕಂಬಳಿ' ಎಂದು ಬರಹ. ಅವನ್ನು ಕನಕರಾಜ ಒಂದೂ ಬಿಡದೆ ನೋಡುತ್ತಿದ್ದ. ನೋಡಿ ನೋಡಿ ಒಳಗಿನ ಕಿಚ್ಚು ಆರದಂತೆ ಇಟ್ಟುಕೊಂಡಿದ್ದ.

ಮೃಗಶಿರಾ ಮಳೆ ಹುಟ್ಟಿದ ಮೊದಲ ಭಾನುವಾರ ತಂಡದ ಸವಾರಿ ಗೊತ್ತಾಯಿತು. ದುರ್ಗದಿಂದ ಹೊಳಲ್ಕೆರೆ, ಹೊಸದುರ್ಗ, ಅಲ್ಲಿಂದ ಹಾಲುರಾಮೇಶ್ವರ. ಹೊಸದುರ್ಗದಲ್ಲಿ ಟೀ. ಟೀ ಅಂಗಡಿ ಕನಕರಾಜನ ಮಳಿಗೆಯ ಎದುರಿಗೇ.

ಅವತ್ತು ಒಂಬತ್ತು ಗಂಟೆಗೆ ಹೊಳಲ್ಕೆರೆ ಕಡೆಯ ಆಕಾಶ ಕಪ್ಪಾಯಿತು. ಕನಕರಾಜ ಬಾಗಿಲಿಗೆ ಬಂದು ನಿಂತ. ಅರ್ಧ ಗಂಟೆ ಸುರಿದದ್ದು ಇಲ್ಲಿಗೆ ಕೇಳಿಸುವಂತಿತ್ತು. ಆಮೇಲೆ ಬಿಸಿಲು ಬಂತು, ಬಿಸಿಲಿನ ಹಿಂದೆಯೇ ಗಾಡಿಗಳ ಸದ್ದು ಬಂತು. ಅವನು ಎದುರಿನ ಅಂಗಡಿಗೆ ಹೋಗಿ ಒಂದು ಟೀ ಹೇಳಿ ಬೆಂಚಿನ ಮೇಲೆ ಕುಳಿತ.

ಹನ್ನೊಂದು ಗಾಡಿ ಬಂದು ನಿಂತವು. ಯಾರೂ ಇಳಿಯಲಿಲ್ಲ. ಮೊದಲನೆಯವರು, ದುರ್ಗದ ಕಾಲೇಜಿನ ಲೆಕ್ಚರರು, ಎದ್ದು ನಿಲ್ಲಲು ನೋಡಿದರು. ಅವರ ಜೊತೆ ಕಂಬಳಿಯೂ ಎದ್ದಿತು. ಎಳೆದುಕೊಂಡರೆ ಪ್ಯಾಂಟಿಗೂ ಸೀಟಿಗೂ ನಡುವೆ ಲೋಳೆ ನೂಲು ನೂಲಾಗಿ ಜಗ್ಗಿತು. ಹುಳಿ ನಾತ ಗಾಳಿಗೆ ಹರಡಿ ಟೀ ಕುಡಿಯುತ್ತಿದ್ದವರು ಮೂಗು ಮುಚ್ಚಿದರು. ಒಬ್ಬೊಬ್ಬರಾಗಿ ಹನ್ನೊಂದು ಜನವೂ ಕಿತ್ತುಕೊಂಡು ಇಳಿದರು, ಹಿಂದೆ ಕೈ ಮುಚ್ಚಿಕೊಂಡು. ಹೂ ಮಾರುವ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನೋಡುತ್ತಿದ್ದವರ ಜೇಬಿನಿಂದ ಫೋನುಗಳು ಹೊರಬಂದವು.

"ಏನ್ರೀ ನಾಗಭೂಷಣ, ಇದೇನು ಹಾಕಿ ಕೂರ್ಸಿದೀರಿ ನಮ್ಮನ್ನ?" ಲೆಕ್ಚರರು ಕೂಗಾಡಿದರು. ಉಳಿದವರು ಸುತ್ತುವರಿದರು. ನಾಗಭೂಷಣನ ಮುಖ ಬಿಳಿಚಿತು. ಕನಕರಾಜ ಬಿಸಿ ಟೀಯನ್ನು ಗುಟುಕು ಗುಟುಕಾಗಿ ಕುಡಿದ. ಅಷ್ಟು ರುಚಿಯಾದ ಟೀ ಅವನು ಜನ್ಮದಲ್ಲಿ ಕುಡಿದಿರಲಿಲ್ಲ.

ನಾಗಭೂಷಣ ತಪ್ಪಿಸಿಕೊಳ್ಳಲು ಅತ್ತಿತ್ತ ನೋಡಿ, ತನ್ನ ಸೀಟನ್ನೇ ಕಿತ್ತು ತಿರುಗಿಸಿದ. ಅಡಿಗೆ ಮಡಚಿದ್ದ ಅಂಚಿನಲ್ಲಿ ಕೆಂಪು ದಾರ ಕಂಡಿತು. ಅವನ ಗಂಟಲು ಜೋರಾಯಿತು.

"ನಂದೇನೂ ತಪ್ಪಿಲ್ಲ ಸರ್. ನೋಡ್ರಿ ಗುರ್ತು. ಏಕನಾಥಮ್ಮ ಅಂತ, ಹಾಲುರಾಮೇಶ್ವರದ ಹತ್ರ ಅವ್ಳೆ. ಆಯಮ್ಮನ ಮಾಲು ಇದು. ಕೊಳೆತ ಉಣ್ಣೆ ಹಾಕಿ ಮೋಸ ಮಾಡ್ಯಾಳೆ. ಏಕನಾಥಮ್ಮ, ಬರ್ಕಳ್ರಿ ಹೆಸ್ರು."

ಎಂಟು ತಿಂಗಳು ಕಾದಿದ್ದ ಹೆಸರು. ಅವನ ಬಾಯಿಂದಲೇ ಬಂತು, ನಾಲ್ಕಲ್ಲ, ನಲವತ್ತು ಜನರ ಮುಂದೆ ಬಂತು. ಕನಕರಾಜ ಗ್ಲಾಸು ಕುಕ್ಕಿ ಎದ್ದು ಗಾಡಿಗಳ ಹತ್ತಿರ ಹೋದ.

"ನಿಮ್ಮಜ್ಜಿ ನೇಯ್ದಿದ್ದು ಅಂದಿದ್ಯಲ್ಲೋ" ಎಂದ. ಫೋನು ತೆಗೆದು ಮೇಳದ ವಿಡಿಯೋ ಹಾಕಿ ಎತ್ತಿ ಹಿಡಿದ. ನಮ್ಮಜ್ಜಿ ನೇಯ್ದ ಕಂಬಳಿ, ನಮ್ಮ ಕುಲದ ಗುರುತು ಎಂದು ನಾಗಭೂಷಣನ ದನಿ ಬೀದಿಗೆಲ್ಲ ಕೇಳಿಸಿತು. ಜನ ಗೊಳ್ಳೆಂದರು. "ಏಕನಾಥಮ್ಮ ನಮ್ಮವ್ವ. ಗದ್ದುಗೆಗೆ ಅಂತ ದೇವರ ಹೆಸ್ರಲ್ಲಿ ಸುಳ್ಳು ಹೇಳ್ಸಿ ತಗಂಡು ಹೋಗ್ಯಾನೆ ಇವನು. ಗಂಜಿ ಬಿಡ್ಸದೆ ಹೊಲ್ಸ್ಯಾನೆ. ಕಂಬಳಿಗೇನಾಗೈತೆ? ಇವನ ಸುಳ್ಳಿಗೆ ಆಗಿರೋದು ಇದು."

ನಾಗಭೂಷಣನ ಮುಖದಲ್ಲಿ ನಿಜವಾಗಿಯೂ ನೀರಿಳಿಯಿತು. ಅದನ್ನು ಕಣ್ಣಾರೆ ಕಂಡ ಕನಕರಾಜ. ಅಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಸಿಕ್ಕಿಬಿದ್ದವನು ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಾನೆ. ನಾಗಭೂಷಣ ಖಲೀಲುಲ್ಲಾನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. "ಏನ್ ಭಾಯ್, ಕಂಬಳಿ ಹೊಲಿಯೋ ಮುಂಚೆ ತೊಳೀಬೇಕಂತೆ. ತಿಳಿದವ್ರನ್ನ ಒಂದು ಮಾತು ಕೇಳ್ಬಾರ್ದಾ ನೀನು?"

ಮುದುಕನ ದನಿ ನಿಧಾನವಾಗಿ ಬಂತು. "ಕೇಳಿದ್ನಲ್ಲಪ್ಪ. ಕನಕರಾಜನ್ನೇ ಕೇಳ್ದೆ. ಮೂಲೆ ಮಡಚಿ ಗುರುತೂ ನೋಡ್ದ, ಅಂಚೂ ಮುಟ್ಟಿ ನೋಡ್ದ. ಒಳ್ಳೇ ಕಂಬಳಿ, ಹೊಲಿ ಅಂದ. ಯಾಕೆ, ಏನಾಯ್ತು?"

ನಗುತ್ತಿದ್ದವರ ಕಣ್ಣುಗಳೆಲ್ಲ ಕನಕರಾಜನ ಕಡೆ ತಿರುಗಿದವು, ಫೋನುಗಳೂ ತಿರುಗಿದವು. ನಾಗಭೂಷಣ ಕೈಗಂಟಿದ ಲೋಳೆ ಒರೆಸಿಕೊಂಡು ಹತ್ತಿರ ಬಂದು, ಮೆಲ್ಲಗೆ, ಹೆಚ್ಚುಕಡಿಮೆ ಪ್ರೀತಿಯಿಂದ ಕೇಳಿದ: "ಹೇಳು ಕನಕ. ನಿಮ್ಮವ್ವನ ಹೆಸ್ರು ಹಾಳು ಮಾಡಿದೋನು ನಾನೋ, ನೀನೋ?"

ಕನಕರಾಜ ಮಳಿಗೆಗೆ ಹೋಗಿ ಬಾಗಿಲು ಎಳೆದುಕೊಂಡ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಏಕನಾಥಮ್ಮ ಬಂದಳು. ಪಕ್ಕದ ಮನೆಯ ರೋಜಾ ಎಂಬ ಹುಡುಗಿ ಫೋನಿನಲ್ಲಿ ಎಲ್ಲ ತೋರಿಸಿದ್ದಳು, ಕೊನೆಯವರೆಗೂ. ಮುದುಕಿಯ ಕಂಕುಳಲ್ಲಿ ಒಂದು ಕಂಬಳಿ. ಮಳಿಗೆಯೊಳಗೆ ಸುಟ್ಟ ಮೋಟರುಗಳನ್ನು ಕಾಲಿನಿಂದ ಸರಿಸಿ ನೆಲಕ್ಕೆ ಹಾಸಿದಳು.

"ಕುಂತ್ಕ" ಎಂದಳು.

"ಅವ್ವ, ಅದು ಹಂಗಲ್ಲ..."

"ಕುಂತ್ಕಂಡು ಹೇಳು."

ಕನಕರಾಜ ಕುಳಿತ. ಆಕೆ ಎದುರಿಗೆ ಕುಳಿತಳು.

"ಮುಟ್ಟಿದಾಗ ಗೊತ್ತಾತಾ, ಗಂಜಿ ಬಿಡ್ಸಿಲ್ಲ ಅಂತ?"

"ಗೊತ್ತಾತು."

"ನನ್ನ ಗುರ್ತು ನೋಡಿದ್ಯಾ?"

"ನೋಡ್ದೆ."

"ನೋಡಿ?"

"ಅವನಿಗೆ ಆಗ್ಬೇಕು ಅನ್ನಿಸ್ತು. ಈಗಲೂ ಅನ್ನಿಸ್ತೈತೆ" ಎಂದ. ಕಂಬಳಿಯ ಮೇಲೆ ಕುಳಿತು ಬೇರೆ ಮಾತು ಬರಲಿಲ್ಲ.

ಏಕನಾಥಮ್ಮ ತನ್ನ ಕೈ ನೋಡಿಕೊಂಡಳು. ಮಗ್ಗದ ಹಲಗೆ ಎಳೆದು ಎಳೆದು ಆ ಬೆರಳುಗಳು ಪೂರ್ತಿ ನೆಟ್ಟಗಾಗುವುದಿಲ್ಲ. "ಆತ ನನ್ನ ಹೆಸ್ರು ಹೇಳ್ಲಿಲ್ಲ. ಹೇಳ್ದಿದ್ರೆ ನನಗೇನು ಕಮ್ಮಿಯಾತು? ಸಂತೇಲಿ ಮೂಲೆ ಮಡಚಿ ನೋಡೋರು ನೋಡ್ತಿದ್ರು. ನಿನ್ನೆಯಿಂದ ಯಾರು ಮಡಚ್ತಾರೆ ಹೇಳು" ಎಂದಳು. ದನಿ ಏರಲಿಲ್ಲ. ಎದ್ದು ಹೊರಗೆ ಗಾಡಿಯ ಹತ್ತಿರ ಹೋದಳು. ಸೀಟಿನ ಹಿಂದಿನ ಮೂಲೆ ಎತ್ತಿ, ಬಾಗಿ, ಕೆಂಪು ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು ಎಳೆದುಕೊಂಡಳು. ಮೂರು ಹೊಲಿಗೆಯೂ ಬಂದವು. ಅದನ್ನು ಎಲೆಯಡಿಕೆ ಚೀಲಕ್ಕೆ ಹಾಕಿ, ಕಂಬಳಿ ಮಡಚಿಕೊಂಡು, "ಆ ಹನ್ನೊಂದನ್ನೂ ನೀನೇ ತೊಳೀಬೇಕು" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಗಾಡಿಯಲ್ಲಿ ಬಿಡುತ್ತೇನೆ ಎಂದರೂ ಹತ್ತಲಿಲ್ಲ.

ಖಲೀಲುಲ್ಲಾನ ಅಂಗಡಿಯ ಹಿತ್ತಲಲ್ಲಿ ಕನಕರಾಜ ಎರಡು ದಿನ ಕಂಬಳಿ ತೊ‍ಳೆದ. ಮುದುಕ ಮೊದಲ ದಿನ ನೀರಿನ ಪೈಪು ತಂದು ಅವನ ಮುಂದೆ ಎಸೆದು ಹೋದ. ಎರಡನೆಯ ದಿನ ಬಂದು, "ನನ್ನ ಕೈಯಿಂದ ಮಾಡ್ಸಿದ್ಯಲ್ಲೋ ಈ ಕೆಲಸ. ಅದೇ ನೋವು ನನಗೆ" ಎಂದ. ಗಾಡಿಯವರು ಒಬ್ಬೊಬ್ಬರೇ ಸೀಟು ಕೊಡಲು ಬಂದಾಗ ಕನಕರಾಜ ಪ್ರತಿಯೊಬ್ಬರಿಗೂ ಅದೇ ಮಾತು ಹೇಳಿದ: "ನೇಯ್ದಿದ್ದು ನಮ್ಮವ್ವ ಏಕನಾಥಮ್ಮ. ಕೆಡ್ಸಿದ್ದು ನಾನು." ಹತ್ತು ಜನರಿಗೆ ಹತ್ತು ಸಲ. ಲೆಕ್ಚರರು ಅದನ್ನೂ ವಿಡಿಯೋ ಮಾಡಿ ಹಾಕಿದರು. ಹನ್ನೊಂದನೆಯ ಸೀಟು ಬರಲಿಲ್ಲ. ನಾಗಭೂಷಣ ತನ್ನ ಕಂಬಳಿ ಕಿತ್ತೆಸೆದು ರೆಕ್ಸಿನ್ನು ಹಾಕಿಸಿಕೊಂಡನಂತೆ. ಗೋಡೆಯ ಮೇಲಿನ ಬಹುಮಾನದ ಫೋಟೋ ಮಾತ್ರ ತೆಗೆದಿಲ್ಲ.

ಸೇಡು ತೀರಿತೇ ಎಂದು ಕೇಳಿದರೆ ಕನಕರಾಜ ಇಲ್ಲ ಎನ್ನುತ್ತಾನೆ. ಹೈವೇಯಲ್ಲಿ ಆ ಗಾಜಿನ ಬಾಗಿಲು ದಾಟುವಾಗ ಅವನ ಹಲ್ಲು ಈಗಲೂ ಕಚ್ಚಿಕೊಳ್ಳುತ್ತದೆ. ಅವನು ಸುಳ್ಳು ಹೇಳುವುದಿಲ್ಲ, ನಾನೂ ಅವನನ್ನು ಒಳ್ಳೆಯವನನ್ನಾಗಿ ಮಾಡಿ ಹೇಳುವುದಿಲ್ಲ.

ಸಂತೆ ಮತ್ತೆ ಕುದುರಲು ನಾಲ್ಕು ತಿಂಗಳು ಹಿಡಿಯಿತು. ಈಗ ಏಕನಾಥಮ್ಮ ಗದ್ದುಗೆಗೆ ಎಂದು ಕೇಳಿದವರನ್ನು, ಯಾವ ಊರು, ಯಾವ ದೇವರು ಎಂದು ವಿಚಾರಿಸಿಯೇ ಕೊಡುತ್ತಾಳೆ. ದೀಪಾವಳಿಗೆ ದುರ್ಗದ ಆ ಹತ್ತು ಗಾಡಿಯವರು ಅವಳ ಹಳ್ಳಿಗೆ ಹೋಗಿದ್ದರು. ತೊಳೆಯುವಾಗ ಕೆಲವುಗಳ ದಾರ ಸವೆದಿತ್ತು. ಮುದುಕಿ ಜಗಲಿಯಿಂದ ಇಳಿದು, ಸೂಜಿಗೆ ಕೆಂಪು ದಾರ ಪೋಣಿಸಿಕೊಂಡು, ಹತ್ತೂ ಸೀಟಿನ ಮೂಲೆಗೆ ಹೊಸದಾಗಿ ಮೂರು ಮೂರು ಹೊಲಿಗೆ ಹಾಕಿಕೊಟ್ಟಳು. ಕನಕರಾಜನೂ ಅವತ್ತು ಅಲ್ಲಿದ್ದ. ಸಾಲಿನ ಕೊನೆಯಲ್ಲಿ ತನ್ನ ಗಾಡಿ ನಿಲ್ಲಿಸಿ, ಬಟ್ಟೆಯಿಂದ ಸೀಟಿನ ಧೂಳು ಹೊಡೆದು ಪಕ್ಕಕ್ಕೆ ಸರಿದು ನಿಂತ. ಹತ್ತನೆಯದು ಮುಗಿಸಿ ಅವ್ವ ತಲೆಯೆತ್ತಿ ಅವನ ಗಾಡಿಯನ್ನು ನೋಡಿದಳು. ಆಮೇಲೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು, "ಎಲ್ಲಾರೂ ಒಳಗೆ ಬರ್ರಿ, ಉಂಡು ಹೋಗ್ರಿ" ಎಂದು ಒಳಗೆ ಹೋದಳು.

ಅವನ ಸೀಟಿನ ಮೂಲೆಯಲ್ಲಿ ಸೂಜಿಯ ತೂತುಗಳು ಈಗಲೂ ಹಾಗೇ ಇವೆ. ಭಾನುವಾರ ಚೈನಿಗೆ ಎಣ್ಣೆ ಬಿಟ್ಟಾದ ಮೇಲೆ ಕನಕರಾಜ ಅವನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡುತ್ತಾನೆ.